ಉಸಿರು ತೆಗೆದ ದನಿ

ಹಾಡುವವರು ಉಸಿರು ತೆಗೆದುಕೊಳ್ಳುತ್ತಾರೆ. ಇದಿಷ್ಟನ್ನು, ಸಂಗೀತದ ವ್ಯವಹಾರದಲ್ಲೇ ಕೂದಲು ಹಣ್ಣಾದ ಒಬ್ಬ ಮನುಷ್ಯನಿಗೆ ತಿಳಿಸಿ ಹೇಳಲು ನಾನು ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೋ ಊರಿನ ಒಂದು ರಿಹರ್ಸಲ್ ಸ್ಟುಡಿಯೋದಲ್ಲಿ ಗಂಟಲು ಹರಿಯುವಂತೆ ಕೂಗಾಡಬೇಕಾಯಿತು. ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು, ಬೇಕಾಗಿರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ನನ್ನದು ಸೌಂಡ್ ಕೆಲಸ. ಹಾಡುವವರ ಮುಂದೆ ಮೈಕ್ ಇಟ್ಟು, ಜನರ ಹಿಂದೆ ಮಿಕ್ಸರ್ ಹತ್ತಿರ ನಿಂತು, ಯಾವ ದನಿ ಎಷ್ಟು ಕೇಳಬೇಕು ಎಂದು ನೋಡಿಕೊಳ್ಳುವವಳು. ನಾನಿರುವ ಸೆರಿಟೋಸ್ ಊರಿನ ಸುತ್ತಮುತ್ತಲಿನ ಕನ್ನಡದ ಮನೆಗಳಿಗೆ ನಾನು ರಾಜ್ಯೋತ್ಸವದ ದಿನ "ಆಂಟಿ, ಮೈಕ್ ಕುಯ್ ಅಂತಿದೆ, ಸ್ವಲ್ಪ ಬನ್ನಿ" ಎಂದು ಕರೆಯಲು ಇರುವವಳು. ಉಳಿದ ದಿನಗಳಲ್ಲಿ ನನ್ನ ಕೆಲಸ ಬಹುಪಾಲು ಒಬ್ಬಳೇ ಹಾಡುಗಾರ್ತಿಯ ಜೊತೆ.

ಅವಳು ನೆದರ್ಲೆಂಡ್ಸ್‌ನವಳು. ಮೀನುಗಾರರ ಊರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಗಿಟಾರ್ ಬೆನ್ನಿಗೆ ಹಾಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದು, ಲಾಂಗ್ ಬೀಚ್‌ನ ಒಂದು ಬಾಡಿಗೆ ಮನೆಯಲ್ಲಿ ನೆಲೆಸಿದವಳು. ಹಾಡು ಬರೆಯುವವಳೂ ಅವಳೇ, ಹಾಡುವವಳೂ ಅವಳೇ. ಅಪ್ಪನ ಹಳೆಯ ರೇನ್‌ಕೋಟಿನ ಮೇಲೆ ಅವಳು ಕಟ್ಟಿದ ಹಾಡೊಂದು ಇಲ್ಲಿ ಹೆಸರು ಮಾಡಿತ್ತು. ಅದರ ಕೊನೆಯ ಸಾಲಿನಲ್ಲಿ ದನಿ ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ಅದನ್ನು ಕೇಳಲೆಂದೇ ಜನ ಬರುತ್ತಿದ್ದರು.

ಡಚ್ ಜನಕ್ಕೆ ಸುತ್ತಿ ಬಳಸಿ ಮಾತಾಡಲು ಬರುವುದಿಲ್ಲ. ಮೊದಲ ದಿನವೇ ಅವಳು ನನಗೆ, "ನಿನ್ನ ಮಿಕ್ಸ್ ಚೆನ್ನಾಗಿಲ್ಲ" ಎಂದಳು. "ನಿನ್ನ ಗಿಟಾರೇ ಶ್ರುತಿ ತಪ್ಪೇತಿ, ನಾ ಏನ್ ಮಾಡ್ಲಿ?" ಎಂದೆ ನಾನು. ಧಾರವಾಡದವಳಿಗೆ ಇಂಥ ಮಾತು ಮನೆಯ ಮಾತೇ. ಅವತ್ತಿನಿಂದ ಗೆಳೆತನವಾಯಿತು. ಅವಳೊಡನೆಯಾಗಲಿ ಅವಳ ಕಡೆಯವರೊಡನೆಯಾಗಲಿ ನಾನು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಆದರೆ ನನ್ನ ಸಿಟ್ಟು ನನಗೆ ನೆನಪಿರುವುದು ಧಾರವಾಡದ ಕನ್ನಡದಲ್ಲಿ, ಹಾಗೆಯೇ ಬರೆಯುತ್ತೇನೆ.

೨೦೨೦ರಲ್ಲಿ ಸಭಾಂಗಣಗಳೆಲ್ಲ ಬಾಗಿಲು ಹಾಕಿದವು. ಅವಳು ಮನೆಯ ಜಗಲಿಯಲ್ಲಿ ಕೂತು ಬೀದಿಯವರಿಗಾಗಿ ಹಾಡುತ್ತಿದ್ದಳು, ನಾನು ಗ್ಯಾರೇಜಿನಲ್ಲಿ ಕೂತು ಕೇಬಲ್ ಸುತ್ತುತ್ತಿದ್ದೆ. ಆಗ ಅವಳ ಮ್ಯಾನೇಜರ್, ನಾನು ಮೊದಲೇ ಹೇಳಿದ ಕೂದಲು ಹಣ್ಣಾದವನು, ಫೋನ್ ಮಾಡಿದ. ಅವಳ ಹಳೆಯ ರೆಕಾರ್ಡಿಂಗುಗಳನ್ನೆಲ್ಲ ಸೇರಿಸಿ ಹೊಸ ಆವೃತ್ತಿ ತರುತ್ತಾರಂತೆ, ದನಿಯ ಟ್ರ್ಯಾಕುಗಳನ್ನು ಕ್ಲೀನ್ ಮಾಡಿಕೊಡಬೇಕಂತೆ. ಕೈಯಲ್ಲಿ ಬೇರೆ ಕೆಲಸವಿರಲಿಲ್ಲ. ಒಪ್ಪಿಕೊಂಡೆ.

ಕ್ಲೀನ್ ಎಂದರೆ ಏನು ಎಂದು ಹೇಳಬೇಕು. ಹಾಡುವವರ ಮೈಕಿನಲ್ಲಿ ಹಾಡಷ್ಟೇ ಇರುವುದಿಲ್ಲ. ಕುರ್ಚಿಯ ಕಿರುಗುಟ್ಟುವಿಕೆ, ಕಿವಿಯ ಹೆಡ್‌ಫೋನಿನಿಂದ ಸೋರಿದ ಗಿಟಾರ್, ತುಟಿ ಬಿಡಿಸಿದ ಸದ್ದು, ಎಲ್ಲ ಸೇರಿರುತ್ತವೆ. ಇವನ್ನು ಒಂದೊಂದಾಗಿ ಹುಡುಕಿ, ತೆರೆಯ ಮೇಲೆ ದೊಡ್ಡದು ಮಾಡಿ ನೋಡಿ, ಅಂಚು ಕೇಳಿಸದ ಹಾಗೆ ಕತ್ತರಿಸಬೇಕು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ. ಅಷ್ಟರವರೆಗೆ ನನಗೆ ತಕರಾರಿಲ್ಲ. ಆದರೆ ಮ್ಯಾನೇಜರ್ ಇನ್ನೊಂದು ಹೇಳಿದ: ಉಸಿರೂ ಬೇಡ.

"ಉಸಿರು ಯಾಕ ಬ್ಯಾಡ?" ಎಂದೆ.

"ಈಗಿನ ಕೇಳುಗರಿಗೆ ಇಯರ್‌ಫೋನಲ್ಲಿ ಉಸಿರಾಟ ಕಿರಿಕಿರಿ ಆಗುತ್ತೆ."

"ಸ್ವಲ್ಪ ಸಣ್ಣದು ಮಾಡ್ತೀನಿ. ಪೂರಾ ತಗದ್ರ ಹಾಡು ಸತ್ತಂಗ ಕೇಳಸ್ತದ."

"ಪೂರ್ತಿ ತೆಗಿ. ಬೇಕಾದಷ್ಟು ನಾವು ಆಮೇಲೆ ಸೇರಿಸಿಕೊಳ್ತೀವಿ."

ಅವರ ಹಾಡು, ಅವರ ಇಷ್ಟ. ತೆಗೆದೆ. ಒಂದೊಂದು ಸಾಲಿಗೂ ಮೊದಲು ಅವಳು ಎಳೆದುಕೊಂಡ ಉಸಿರು ತೆರೆಯ ಮೇಲೆ ಹತ್ತಿಯ ಎಸಳಿನ ಹಾಗೆ ಕಾಣುತ್ತಿತ್ತು. ಎತ್ತಿ ಬೇರೆ ಇಟ್ಟೆ. ಬೇರೆ ಇಟ್ಟೆ ಎನ್ನುವುದು ಮುಖ್ಯ. ನಮ್ಮ ಕೆಲಸದಲ್ಲಿ ಕತ್ತರಿಸಿದ್ದನ್ನು ಯಾರೂ ಬಿಸಾಡುವುದಿಲ್ಲ. ಕೆಳಗೆ ಇನ್ನೊಂದು ಟ್ರ್ಯಾಕ್ ಮಾಡಿ, ಅದರ ಬಾಯಿ ಮುಚ್ಚಿ, ತುಂಡುಗಳನ್ನೆಲ್ಲ ಅಲ್ಲಿ ಸುರಿದಿಡುತ್ತೇವೆ. ಟೇಲರ್ ಅಂಗಡಿಯಲ್ಲಿ ಚೂರು ಬಟ್ಟೆಯ ಗಂಟು ಇರುತ್ತದಲ್ಲ, ಹಾಗೆ. ಕ್ಲೀನ್ ದನಿಯನ್ನು ಮ್ಯಾನೇಜರಿಗೆ ಕಳಿಸಿದೆ. ಚೂರುಗಳ ಗಂಟು ಒಂದು ಹಾರ್ಡ್ ಡ್ರೈವಿನಲ್ಲಿ ನನ್ನ ಗ್ಯಾರೇಜಿನಲ್ಲೇ ಉಳಿಯಿತು. ಹೊಸ ಆವೃತ್ತಿ ಬರಲೇ ಇಲ್ಲ. ಕೇಳಿದರೆ "ಆಗ್ತಾ ಇದೆ" ಎನ್ನುತ್ತಿದ್ದ, ಆಮೇಲೆ ನಾನೂ ಮರೆತೆ.

ಸಭಾಂಗಣಗಳು ತೆರೆದವು, ಅವಳು ಮತ್ತೆ ಹಾಡತೊಡಗಿದಳು. ೨೦೨೩ರಲ್ಲಿ ಗಂಟಲು ಕೈಕೊಟ್ಟಿತು. ಮೊದಲು ಬರೀ ಒಡಕು, ಆಮೇಲೆ ಮಾತೇ ಹೊರಡದು. ಧ್ವನಿತಂತುವಿನ ಮೇಲೆ ಗಂಟು ಬೆಳೆದಿತ್ತು. ಆಪರೇಷನ್ ಆಯಿತು. ವಾರಗಟ್ಟಲೆ ಮಾತಾಡಕೂಡದು ಎಂದಿದ್ದರು. ನಾನು ಹೋದಾಗಲೆಲ್ಲ ಕೈಸನ್ನೆಯಲ್ಲೇ ಬೈಯುತ್ತಿದ್ದಳು, ಮಾಡಿಕೊಂಡು ಹೋದ ಸಾರು ಖಾರವಾಯಿತೆಂದು. ಮತ್ತೆ ಮಾತು ಬಂದಾಗ ದನಿ ಬದಲಾಗಿತ್ತು. ದಪ್ಪವಾಗಿತ್ತು, ಒರಟಾಗಿತ್ತು, ಮೇಲಕ್ಕೆ ಏರಿಸಿದರೆ ಹರಿದುಹೋಗುತ್ತಿತ್ತು.

ಒಂದು ಮಧ್ಯಾಹ್ನ ಗಿಟಾರ್ ತಗೊಂಡು ನನ್ನ ಗ್ಯಾರೇಜಿಗೆ ಬಂದಳು. ರೇನ್‌ಕೋಟಿನ ಹಾಡು ಹಿಡಿದಳು. ಕೊನೆಯ ಸಾಲಿಗೆ ಬಂದಾಗ ದನಿ ಒಡೆದು ನಿಂತುಹೋಯಿತು. ಇನ್ನೊಮ್ಮೆ ಹಾಡಿದಳು, ಮತ್ತೆ ಅಲ್ಲೇ ಒಡೆಯಿತು. ಗಿಟಾರನ್ನು ವಾಷಿಂಗ್ ಮೆಷಿನ್ನಿಗೆ ಒರಗಿಸಿ, "ಮುಗೀತು. ಸತ್ತ ಕೋಳಿ ಕೂಗಲ್ಲ" ಎಂದಳು.

ಆ ವಾಷಿಂಗ್ ಮೆಷಿನ್ನಿನ ಮೇಲೆಯೇ ನನ್ನ ಪೇಟಿ ಇತ್ತು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತೇವೆ. ಅದರ ಒತ್ತುವ ಮನೆಗಳನ್ನು ಬಣ್ಣ ಹಿಡಿದು ಎಣಿಸುತ್ತೇವೆ, ಕರಿ ಒಂದು, ಕರಿ ಎರಡು, ಬಿಳಿ ನಾಲ್ಕು ಎಂದು. ಧಾರವಾಡದಲ್ಲಿ ಒಬ್ಬರು ಹಾಡಲು ಕೂತರೆ ಪೇಟಿಯವರು ಮೊದಲು ಕೇಳುವುದು "ಯಾವ್ದ್ರಾಗ ಹಾಡ್ತೀರಿ?" ಎಂದೇ. ವಯಸ್ಸಾದಂತೆ, ಕಾಯಿಲೆ ಬಿದ್ದಂತೆ ಹಾಡುವವರು ಒಂದೊಂದೇ ಮನೆ ಇಳಿಯುತ್ತಾರೆ. ಇಳಿದರೆಂದು ಯಾರೂ ಮೂಗು ಮುರಿಯುವುದಿಲ್ಲ. ಸಭೆಯ ಮುಂದೆಯೇ "ಇವತ್ತ ಸ್ವಲ್ಪ ಇಳಸ್ರಿ" ಎಂದು ಹೇಳಿ, ಎಲ್ಲರೆದುರು ತಂಬೂರಿಯ ಕಿವಿ ತಿರುವಿ ಶ್ರುತಿ ಇಳಿಸಿ, ಹಾಡುತ್ತಾರೆ.

ಪೇಟಿಯ ಮುಂದೆ ಕೂತು ಅವಳ ಹಳೆಯ ಶ್ರುತಿ ಒತ್ತಿದೆ. "ಇದು ಬಿಳಿ ಆರು. ನಿಂದು ಇಲ್ಲಿತ್ತು." ಆಮೇಲೆ ಒಂದೊಂದೇ ಮನೆ ಕೆಳಗಿಳಿಯುತ್ತ ಹೋದೆ. ಬಿಳಿ ನಾಲ್ಕಕ್ಕೆ ಬಂದಾಗ ಅವಳ ದನಿ ಹೋಗಿ ಕೂತಿತು. ಹಾಡು ಬೇರೆಯೇ ಆಯಿತು. ಮೊದಲು ಮಗಳು ಹಾಡುತ್ತಿದ್ದ ಹಾಗಿತ್ತು, ಈಗ ರೇನ್‌ಕೋಟು ತೊಟ್ಟ ಅಪ್ಪನೇ ಹಾಡಿದ ಹಾಗೆ ಕೇಳಿತು. ನನ್ನ ಮೈ ಜುಮ್ಮೆಂದಿತು. ಅಷ್ಟು ಇಳಿಸಿದ ಗಿಟಾರಿನ ತಂತಿಗಳು ಸಡಿಲವಾಗಿ ಬಡಬಡ ಎನ್ನುತ್ತಿದ್ದವು. ದಪ್ಪ ತಂತಿ ಹಾಕಿದರೆ ಸರಿಹೋಗುತ್ತದೆ ಎಂದೆ. "ಬಿಳಿ ನಾಲ್ಕು, ಬಿಳಿ ನಾಲ್ಕು" ಎಂದು ಕನ್ನಡದಲ್ಲೇ ಗೊಣಗಿಕೊಳ್ಳುತ್ತ ಕಾರು ಹತ್ತಿದಳು. ಅವಳ ಬಾಯಲ್ಲಿ ಳಕಾರ ಕಲ್ಲು ಅಗಿದ ಹಾಗೆ ಬರುತ್ತಿತ್ತು.

ಮುಂದಿನ ವರ್ಷ ಸ್ಯಾನ್ ಡಿಯೇಗೋದಲ್ಲಿ ಕೊಲ್ಲಿಯ ದಂಡೆಯ ಬಯಲು ವೇದಿಕೆಯಲ್ಲಿ ಕಾರ್ಯಕ್ರಮ ಗೊತ್ತಾಯಿತು. ಭಾನುವಾರ ಮಧ್ಯಾಹ್ನ. ಆಪರೇಷನ್ ಆದಮೇಲೆ ಮೊದಲನೆಯದು. ಎಲ್ ಸೆಗುಂಡೋದಲ್ಲಿ ರಿಹರ್ಸಲ್. ಅವಳ ತಂಡ ಚಿಕ್ಕದು: ಅವಳು, ಒಬ್ಬ ಡ್ರಮ್ಮರ್, ಒಬ್ಬ ಕೀಬೋರ್ಡಿನವನು. ಈ ಕೀಬೋರ್ಡಿನವನು ಬೆಂಗಳೂರಿನ ಹುಡುಗ. ಹುಡುಗ ಎಂದರೆ ನನಗೆ, ಅವನಿಗೂ ನಲವತ್ತು ದಾಟಿದೆ. ಶಿವಾಜಿನಗರದ ಮುಸ್ಲಿಂ ಮನೆತನದವನು, ವಾರವಿಡೀ ಸ್ಯಾನ್ ಡಿಯೇಗೋದಲ್ಲಿ ಟೆಲಿಕಾಂ ಕೆಲಸ, ವಾರದ ಕೊನೆಗೆ ಕೀಬೋರ್ಡು. ಮಿಕ್ಸರಿನಿಂದ ವೇದಿಕೆಯವರ ಕಿವಿಗೆ ಮಾತಾಡಲು ನನ್ನ ಹತ್ತಿರ ಒಂದು ಸಣ್ಣ ಮೈಕ್ ಇರುತ್ತದೆ, ಅವನ ಹತ್ತಿರವೂ ಒಂದು. ಅದರಲ್ಲಿ ನಾವಿಬ್ಬರೂ ಕನ್ನಡದಲ್ಲೇ ಮಾತಾಡಿಕೊಳ್ಳುತ್ತಿದ್ದೆವು, ಯಾರ ಬಗ್ಗೆ ಬೇಕಾದರೂ.

ರಿಹರ್ಸಲ್ಲಿಗೆ ಮ್ಯಾನೇಜರ್ ತಾನೇ ಬಂದಿದ್ದ. ಬಂದವನೇ ಕೀಬೋರ್ಡಿನ ಮೇಲೆ ಒಂದು ಲ್ಯಾಪ್‌ಟಾಪ್ ಇಡಿಸಿದ. ನಾನು ಎಲ್ಲ ಮೈಕುಗಳ ಸದ್ದು ನೋಡಿ, ಶುರು ಮಾಡಿ ಎಂದೆ. ಹಾಡು ಶುರುವಾಯಿತು. ನನ್ನ ಕಿವಿಗೆ ಬಿದ್ದದ್ದು ಅವಳ ಹಳೆಯ ದನಿ. ತೆಳ್ಳಗೆ, ಎತ್ತರದಲ್ಲಿ, ಬಿಳಿ ಆರರಲ್ಲಿ. ಅವಳ ಮೈಕಿನ ಸದ್ದು ಏರಿಸುವ ಗುಂಡಿ, ಫೇಡರ್, ಇನ್ನೂ ಕೆಳಗೇ ಇತ್ತು.

ಅದೂ ಹಳೆಯ ಹಾಡಲ್ಲ. ಆಪರೇಷನ್ ಆದಮೇಲೆ ಬರೆದ ಹಾಡು. ಹಳೆಯ ದನಿಯಲ್ಲಿ ಅವಳು ಅದನ್ನು ಹಾಡಿರುವ ಮಾತೇ ಇಲ್ಲ.

"ಏನಪಾ ಇದು?" ಎಂದೆ ಸಣ್ಣ ಮೈಕಿನಲ್ಲಿ.

"ಅಕ್ಕ, ನಂಗೂ ಈಗ್ಲೇ ಗೊತ್ತಾಗಿದ್ದು. ಸ್ಪೇಸ್ ಬಾರ್ ಒತ್ತು ಅಂದ್ರು, ಒತ್ತಿದೆ. ಎಐ ಅಂತೆ. ಹಳೇ ರೆಕಾರ್ಡಿಂಗ್ ಎಲ್ಲ ಕಂಪ್ಯೂಟರ್‌ಗೆ ಕೊಟ್ಟು ವಾಯ್ಸ್ ಮಾಡಿಸಿದಾರಂತೆ. ಮೇಡಂ ಬರೀ ತುಟಿ ಆಡಿಸ್ಬೇಕಂತೆ."

ಸುಮ್ಮನೆ ಕೇಳುತ್ತ ನಿಂತೆ. ಏನೋ ಸರಿಯಿರಲಿಲ್ಲ. ಸ್ವರ ಸರಿ, ಮಾತು ಸರಿ, ದನಿಯ ಅಂಚಿನ ನಡುಕವೂ ಸರಿ. ವೇದಿಕೆಯ ಕಡೆ ನೋಡಿದರೆ ಅವಳು ತುಟಿ ಆಡಿಸುತ್ತಿದ್ದಳು, ಮುಖ ಕೆಂಪಾಗುತ್ತಿತ್ತು. ಮೊದಲ ಚರಣ ಮುಗಿಯುವ ಮೊದಲೇ ಎದೆಯ ಮೇಲೆ ಕೈ ಇಟ್ಟುಕೊಂಡು ನಿಂತುಬಿಟ್ಟಳು. ಲ್ಯಾಪ್‌ಟಾಪಿನ ದನಿ ಅವಳನ್ನು ಬಿಟ್ಟು ಮುಂದಕ್ಕೆ ಹಾಡಿಕೊಂಡು ಹೋಯಿತು. ಸಾಲಿನ ಮೇಲೆ ಸಾಲು, ಎಲ್ಲೂ ನಿಲ್ಲದೆ.

ಆಗ ತಿಳಿಯಿತು. ಅದು ಉಸಿರೇ ತೆಗೆದುಕೊಳ್ಳುತ್ತಿರಲಿಲ್ಲ! ತೆಗೆದುಕೊಳ್ಳುವುದಾದರೂ ಎಲ್ಲಿಂದ? ಆ ಯಂತ್ರ ಕಲಿತದ್ದು ನಾನು ಕ್ಲೀನ್ ಮಾಡಿ ಕಳಿಸಿದ ದನಿಯಿಂದ. ಹೊಸ ಆವೃತ್ತಿ ಎಂದು ನನಗೆ ಹೇಳಿ, ನನ್ನ ಬೆರಳಿನಿಂದಲೇ ನನ್ನ ಕಣ್ಣು ಚುಚ್ಚಿಸಿದ್ದರು. ಮೈಯೆಲ್ಲ ಉರಿದುಹೋಯಿತು.

ಮಿಕ್ಸರ್ ಬಿಟ್ಟು ಮ್ಯಾನೇಜರ್ ಹತ್ತಿರ ಹೋದೆ. "ಇದಕ್ಕ ಉಸಿರ ಎಲ್ಲೈತಿ? ಮನಷ್ಯಾರು ಹಿಂಗ ಹಾಡ್ತಾರೇನು? ನನ್ನ ಕಡಿಂದ ಸುಳ್ಳ ಹೇಳಿ ಮಾಡಿಸ್ಕೊಂಡಿಯಲ್ಲ, ನಾಚಿಕಿ ಬರೂದಿಲ್ಲ ನಿನಗ?"

ಅವನು ನಕ್ಕ. ಹಾಲು ಕದ್ದ ಬೆಕ್ಕಿನ ನಗು. "ಹಳೆಯ ರೆಕಾರ್ಡಿಂಗಿನ ಹಕ್ಕು ನಮ್ಮದು. ಜನ ಟಿಕೆಟ್ ತಗೊಂಡಿರೋದು ಆ ದನಿಗೆ. ಈಗಿನ ದನಿ ಕೇಳಿಸಿದರೆ ಮುಂದಿನ ಊರುಗಳೆಲ್ಲ ಕ್ಯಾನ್ಸಲ್. ಅವಳನ್ನೇ ಕೇಳು, ಅವಳು ಒಪ್ಪಿದಾಳೆ."

ತಿರುಗಿ ಅವಳನ್ನು ನೋಡಿದೆ. ಎದುರಿಗೆ ಬಂದವರ ಮುಖದ ಮೇಲೆ ಹೊಡೆದ ಹಾಗೆ ಮಾತಾಡುತ್ತಿದ್ದ ಹೆಂಗಸು ನೆಲ ನೋಡುತ್ತಿದ್ದಳು.

"ಒಪ್ಪಿದೆ" ಎಂದಳು. "ಈ ಗಂಟಲು ಯಾರಿಗೆ ಬೇಕು? ನಿನ್ನ ಗ್ಯಾರೇಜಿಗೆ ಬೇಕು, ಅಷ್ಟೇ."

ನನಗೆ ಅವಳ ಮೇಲೂ ಸಿಟ್ಟು ಬಂತು. ಎಷ್ಟು ತಿಂಗಳಿಂದ ಅವಳ ಕಿವಿಯಲ್ಲಿ ಈ ಮಾತು ಊದಿದ್ದರೋ! ಆಪರೇಷನ್ ಆದವಳ ಹಾಸಿಗೆಯ ಪಕ್ಕ ಕೂತು, ನೀನು ಬೇಡ, ನಿನ್ನ ಹಳೆಯ ದನಿ ಸಾಕು ಎಂದು ಹೇಳುವವರಿಗೆ ಏನು ಹೆಸರಿಡಬೇಕು? ನನಗೆ ಗೊತ್ತಿರುವ ಹೆಸರುಗಳನ್ನು ಇಲ್ಲಿ ಬರೆಯಲು ಬರುವುದಿಲ್ಲ.

ಮತ್ತೆ ಪ್ರಯತ್ನಿಸಿದರು. ಮತ್ತೆ ಅವಳಿಗೆ ಏದುಸಿರು ಬಂತು. ತುಟಿ ಆಡಿಸಲಿಕ್ಕೂ ಒಂದು ಕಡೆ ಬಾಯಿ ಮುಚ್ಚಬೇಕಲ್ಲ, ಆ ದನಿ ಬಿಡುತ್ತಿರಲಿಲ್ಲ. ನೋಡುವವರಿಗೆ ಸುಳ್ಳು ಎಂದು ಕೂಡಲೇ ಗೊತ್ತಾಗುವಂತಿತ್ತು. ಮ್ಯಾನೇಜರ್ ಸ್ವಲ್ಪ ಹೊತ್ತು ಹಣೆ ತಿಕ್ಕಿಕೊಂಡ. ಆಮೇಲೆ ನನ್ನ ಹತ್ತಿರ ಬಂದು, ಈ ಸಲ ಬಹಳ ನಯವಾಗಿ, "ಅವತ್ತು ತೆಗೆದ ಉಸಿರುಗಳು ನಿನ್ನ ಹತ್ತಿರ ಇರಬೇಕಲ್ಲ? ನಮ್ಮ ಹತ್ತಿರ ಉಳಿದಿರೋದು ಕ್ಲೀನ್ ದನಿ ಮಾತ್ರ, ನೀನು ಯಾವುದನ್ನೂ ಬಿಸಾಡುವವಳಲ್ಲ. ಕೊಡು, ಸಾಲುಗಳ ಮಧ್ಯೆ ಹಾಕಿಸ್ತೀನಿ. ಎಲ್ಲ ಸರಿಯಾಗುತ್ತೆ" ಎಂದ.

ಅವಳ ಕೆಲಸಕ್ಕೆ ಹೊರಟಾಗಲೆಲ್ಲ ಅವಳ ಹಾಡುಗಳಿದ್ದ ಆ ಡ್ರೈವನ್ನು ಗ್ಯಾರೇಜಿನಿಂದ ಒಯ್ಯುತ್ತಿದ್ದೆ, ಅವತ್ತೂ ಅದು ನನ್ನ ಚೀಲದಲ್ಲೇ ಇತ್ತು. ಕೊಟ್ಟರೆ ಸುಳ್ಳು ಪೂರ್ತಿಯಾಗುತ್ತದೆ. ಆ ಗೊಂಬೆ ಉಸಿರಾಡತೊಡಗಿದರೆ ಇನ್ನು ಇವಳು ಬೇಕಾಗುವುದೇ ಇಲ್ಲ, ವೇದಿಕೆಗೂ ಬೇಡ, ಹೊಸ ಹಾಡಿಗೂ ಬೇಡ. ಇಷ್ಟು ನನಗೆ ಹೊಳೆಯಲು ಒಂದು ಕ್ಷಣ ಹಿಡಿಯಿತು.

"ಕೊಡೂದಿಲ್ಲ" ಎಂದೆ.

"ಅದೂ ನಮ್ಮದೇ ರೆಕಾರ್ಡಿಂಗು."

"ಹಾಡು ನಿಮ್ಮದಿರಬಹುದು. ಆಕಿ ಉಸಿರು ನಿಮ್ಮಪ್ಪಂದಲ್ಲ."

"ಅಕ್ಕ, ಸುಮ್ನಿರಿ, ಸುಮ್ನಿರಿ" ಎಂದು ಕೀಬೋರ್ಡಿನವನು ಕನ್ನಡದಲ್ಲಿ ತಡೆಯುತ್ತಿದ್ದ. ಸುಮ್ಮನಿರುವ ಜಾತಿ ನನ್ನದಲ್ಲ. ಚೀಲದಿಂದ ಡ್ರೈವ್ ತೆಗೆದು ಸೀದಾ ವೇದಿಕೆಗೆ ಹೋಗಿ ಅವಳ ಅಂಗೈಯಲ್ಲಿಟ್ಟೆ. "ನಿನ್ನವು. ಇವನಿಗೆ ಕೊಡ್ತಿಯೋ, ಸಮುದ್ರಕ್ಕ ಒಗೀತಿಯೋ, ನಿನಗ ಬಿಟ್ಟದ್ದು. ಕೊಡೂಕಿಂತ ಮೊದ್ಲ ಒಂದ್ಸಲ ಕೇಳು."

"ಇದು ನಿನ್ನ ಕೊನೇ ಕಾರ್ಯಕ್ರಮ" ಎಂದ ಮ್ಯಾನೇಜರ್ ನನಗೆ. ಅವತ್ತೇ ಕಳಿಸುತ್ತಿದ್ದನೇನೋ. ಆದರೆ ಅವಳು ಡ್ರೈವನ್ನು ಜೇಬಿಗಿಳಿಸಿ, "ಅವಳಿಲ್ಲದಿದ್ದರೆ ನಾನೂ ಬರಲ್ಲ" ಎಂದಷ್ಟೇ ಹೇಳಿ ಗಿಟಾರ್ ಪೆಟ್ಟಿಗೆಗೆ ಹಾಕಿದಳು. ಹಾಡುವುದರ ಬಗ್ಗೆ ಒಂದು ಮಾತಿಲ್ಲ.

ಭಾನುವಾರ ಬೆಳಿಗ್ಗೆ ಅವಳನ್ನು ಲಾಂಗ್ ಬೀಚ್‌ನಿಂದ ನಾನೇ ಕರೆದುಕೊಂಡು ಹೊರಟೆ. ಫ್ರೀವೇ ಉದ್ದಕ್ಕೂ ಬಲಗಡೆಯ ಸಮುದ್ರ ನೋಡುತ್ತ ಕೂತಿದ್ದಳು. ಸ್ಯಾನ್ ಡಿಯೇಗೋದಲ್ಲಿ ಕಾರು ನಿಲ್ಲಿಸಿದ ಮೇಲೆ ನನ್ನ ಲ್ಯಾಪ್‌ಟಾಪ್ ಕೇಳಿದಳು. ಡ್ರೈವ್ ಸಿಕ್ಕಿಸಿ, ಕಾರಿನ ಸ್ಪೀಕರಿಗೆ ಜೋಡಿಸಿಕೊಟ್ಟು, ನಾನು ಹೊರಗೆ ನಿಂತೆ.

ಕಿಟಕಿ ಸ್ವಲ್ಪ ತೆರೆದಿತ್ತು. ಹಾಡಿಲ್ಲ, ಮಾತಿಲ್ಲ, ಬರೀ ಉಸಿರು. ಎಳೆಯ ವಯಸ್ಸಿನ ಚುರುಕು ಉಸಿರು, ನೆಗಡಿಯಾದಾಗಿನ ಉಸಿರು, ಎತ್ತರದ ಸ್ವರಕ್ಕೆ ಮೊದಲು ಹೆದರಿಕೊಂಡು ಎಳೆದ ಉಸಿರು. ನಡುನಡುವೆ ಒಂದು ಕೆಮ್ಮು, ಒಂದು ನಗು, ತಾಳ ತಪ್ಪಿದಾಗ ಬೈದ ಡಚ್ ಬೈಗುಳ. ಅವಳ ಬಾಳೆಲ್ಲ ಅಲ್ಲಿತ್ತು. ಬಾಗಿಲು ತೆರೆದಾಗ ಅವಳ ಮೂಗು ಕೆಂಪಾಗಿತ್ತು.

"ಪ್ರತಿ ಸಲವೂ ಹೆದರಿದೀನಿ" ಎಂದಳು. "ಆ ಸ್ವರಕ್ಕೆ ಮೊದಲು ಪ್ರತಿ ಸಲ. ಅದನ್ನ ಮರೆತೇ ಹೋಗಿದ್ದೆ. ಆಗ ಬಹಳ ಸುಲಭವಾಗಿ ಹಾಡ್ತಿದ್ದೆ ಅಂದುಕೊಂಡಿದ್ದೆ."

"ಹಾಡೂವ್ರು ಯಾರ್ ಹೆದರೂದಿಲ್ಲ?"

"ಒಡೆದುಹೋದರೆ?"

"ಒಡದ್ರ ಒಡೀತದ. ನಿನ್ನ ದನೀನ ಒಡೀತದ, ಬ್ಯಾರೇದವ್ರದಲ್ಲ."

ಗಿಟಾರ್ ಎತ್ತಿಕೊಂಡು ಹೋದಳು.

ಸೌಂಡ್ ಚೆಕ್‌ನಲ್ಲಿ ಮ್ಯಾನೇಜರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಅವಳ ಮೈಕಿನ ಮೇಲೆ ಗೇಟ್ ಹಾಕಿಸಿದ. ಗೇಟ್ ಎಂದರೆ ಸಣ್ಣ ಸದ್ದಿಗೆಲ್ಲ ಮೈಕ್ ತಾನಾಗಿಯೇ ಬಾಯಿ ಮುಚ್ಚಿಕೊಳ್ಳುವ ಏರ್ಪಾಡು. ತುಟಿ ಆಡಿಸುವಾಗ ಅವಳ ಏದುಸಿರು ಹೊರಗೆ ಕೇಳಬಾರದಲ್ಲ, ಅದಕ್ಕೆ. ಸಾಲು ಮುಗಿದಾಗಲೆಲ್ಲ ಸಮುದ್ರದ ಕಡೆ ಮುಖ ತಿರುಗಿಸು, ಜನಕ್ಕೆ ತಿಳಿಯಲ್ಲ ಎಂದು ಅವಳಿಗೆ ಹೇಳಿಕೊಟ್ಟ. ಅವಳು ತಲೆ ಆಡಿಸಿದಳು. ಆದರೆ ಒಂದು ನೋಡಿದೆ: ಅವಳ ಗಿಟಾರಿನ ತಂತಿಗಳು ಬದಲಾಗಿದ್ದವು. ದಪ್ಪ ತಂತಿ.

ಜನ ಬಂದು ಹುಲ್ಲಿನ ಮೇಲೆ, ಕುರ್ಚಿಗಳ ಮೇಲೆ ಕೂತರು. ಒಳ್ಳೆಯ ಬಿಸಿಲು, ಹಿಂದೆ ದೋಣಿಗಳು. ಅವಳು ವೇದಿಕೆಗೆ ಬಂದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮೊದಲನೆಯದೇ ರೇನ್‌ಕೋಟಿನ ಹಾಡು. ಕೀಬೋರ್ಡಿನವನ ಬೆರಳು ಲ್ಯಾಪ್‌ಟಾಪಿನ ಮೇಲಿತ್ತು.

ಅವಳು ಮೈಕಿನ ಮುಂದೆ ನಿಂತು, ಎಲ್ಲರೆದುರು, ಗಿಟಾರಿನ ಕಿವಿ ತಿರುವತೊಡಗಿದಳು. ನಿಧಾನವಾಗಿ, ಒಂದೊಂದೇ ತಂತಿ, ಕೆಳಕ್ಕೆ. ಚಪ್ಪಾಳೆ ನಿಂತು ಜನ ಕಾಯತೊಡಗಿದರು. ಆಮೇಲೆ ಕೀಬೋರ್ಡಿನ ಕಡೆ ತಿರುಗಿ, ಕಲ್ಲು ಅಗಿಯುತ್ತ, ಸ್ಪಷ್ಟವಾಗಿ ಹೇಳಿದಳು:

"ಬಿಳಿ ನಾಲ್ಕು."

"ಏನಂದಳು? ಯಾವ ಭಾಷೆ ಅದು?" ಎಂದ ಮ್ಯಾನೇಜರ್ ಬೆನ್ನ ಹಿಂದೆ.

ನನ್ನ ಕಿವಿಯಲ್ಲಿ ಕೀಬೋರ್ಡಿನವನ ದನಿ: "ಅಕ್ಕ, ಬಿಳಿ ನಾಲ್ಕು ಅಂದ್ರಲ್ವಾ? ನಿಜ್ವಾಗ್ಲೂ?"

"ಹೌದಪಾ. ಮುಚ್ಚ ಆ ಡಬ್ಬಿ. ಇಳಸು."

ಅವನು ಲ್ಯಾಪ್‌ಟಾಪ್ ಮುಚ್ಚಿದ. ಮ್ಯಾನೇಜರ್ ನನ್ನ ತೋಳಿಗೆ ಕೈ ಹಾಕಿದ. "ಕೈ ತಗಿ" ಎಂದೆ, ಕನ್ನಡದಲ್ಲೇ. ಅರ್ಥವಾಗಿರಬೇಕು, ತೆಗೆದ. ನಾನು ಗೇಟ್ ಆಫ್ ಮಾಡಿ ಅವಳ ಫೇಡರ್ ಮೇಲಕ್ಕೆ ತಳ್ಳಿದೆ.

ಬಯಲಿನಲ್ಲಿ ಕೂತವರಿಗೆಲ್ಲ ಮೊದಲು ಕೇಳಿದ್ದು ಹಾಡಲ್ಲ. ಹೆದರಿಕೊಂಡು, ಎದೆ ತುಂಬ, ಅವಳು ಎಳೆದುಕೊಂಡ ಉಸಿರು.